ಬೇಳೆ ಕೇಳಿದರೆ ಬೆಲೆ ನೋಡಿದ

ಜನವರಿಯ ಒಂದು ಶನಿವಾರ ಸಂಜೆ ಗಾಂಧಿ ಬಜಾರಿನಲ್ಲಿದ್ದ ಗೆಳೆಯನಿಗೆ ಮೊಬೈಲಿನಲ್ಲಿ ಒಂದು ಸಾಲು ಕಳುಹಿಸಿದೆ: ‘ಅವರೆಬೇಳೆ ನೋಡಿ ತಾ.’ ಸಿಪ್ಪೆ ಹಿತುಕಿ ತೆಗೆದ ಬೇಳೆ ಅರ್ಧ ಕೇಜಿ ಬಂದರೆ ಭಾನುವಾರದ ಸಾರಿಗೆ ಸಾಕು ಎಂಬುದು ನನ್ನ ಲೆಕ್ಕ. ಗೆಳೆಯ ಧಾರವಾಡದವನು, ಅವನ ಕನ್ನಡಕ್ಕೆ ಯಾರೂ ಹೆಸರಿಡುವಂತಿಲ್ಲ. ಆದರೆ ನಾನು ಬರೆದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಆ ವೇಷ ತೊಟ್ಟರೆ ಬೇಳೆ, ಬೆಲೆ, ಬೆಳೆ ಮೂರಕ್ಕೂ ಒಂದೇ ಮುಖ. ಅವನು ‘ಅವರೆ ಬೆಲೆ ನೋಡಿ ತಾ’ ಎಂದು ಓದಿಕೊಂಡ. ಬೆಲೆ ನೋಡಿದ, ಅಗ್ಗವೆನಿಸಿತು, ಸೊಗಡು ಘಮಘಮಿಸುವ ನಾಲ್ಕು ಕೇಜಿ ಕಾಯಿಯನ್ನು ಹೊತ್ತು ಮೂರು ಮಹಡಿ ಹತ್ತಿ ಬಂದ.

ಆ ರಾತ್ರಿ ಐದು ಜನ ಕೂತು ಕಾಯಿ ಬಿಡಿಸಿದೆವು. ಕಾಳು ನೆನೆಹಾಕಿ, ಬೆಳಿಗ್ಗೆ ಎದ್ದು ಹಿತುಕತೊಡಗಿದೆವು. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಚಂಗನೆ ಹಾರುತ್ತದೆ. ಎತ್ತ ಹಾರಬೇಕೆಂಬುದು ಅಭ್ಯಾಸವಿದ್ದವರಿಗೆ ಮಾತ್ರ ಒಲಿಯುವ ವಿದ್ಯೆ. ಪಾಲಕ್ಕಾಡಿನ ಗೆಳೆಯ ಹಾರಿಸಿದ್ದರಲ್ಲಿ ಅರ್ಧ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ಊಟವಾದಾಗ ಮಧ್ಯಾಹ್ನ ಮೂರೂವರೆ. ಕೈತೊಳೆಯುತ್ತಾ ನಾನು ಘೋಷಿಸಿದೆ, ಇನ್ನು ನಮ್ಮ ಬಳಗದ ಮಾತುಕತೆಯಲ್ಲಿ ಕನ್ನಡಕ್ಕೆ ಕನ್ನಡದ್ದೇ ಅಕ್ಷರ.

ಬಳಗವೆಂದರೆ ಹನುಮಂತನಗರದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಅಕ್ಕಪಕ್ಕದ ಎರಡು ಮನೆಗಳಲ್ಲಿರುವ ನಾವು ಐವರು: ಧಾರವಾಡ, ಕುಂದಾಪುರ, ಅನಂತಪುರ, ಪಾಲಕ್ಕಾಡು, ಮತ್ತು ಇದೇ ಊರಿನಲ್ಲಿ ಹುಟ್ಟಿ ಬೆಳೆದ ನಾನು. ಘೋಷಣೆಗೆ ಸಿಕ್ಕ ಉತ್ತರ ‘ಆಗಲಿ ಮೇಷ್ಟ್ರೇ’. ಅದೂ ಇಂಗ್ಲಿಷ್ ಅಕ್ಷರದಲ್ಲಿ.

ಉಪದೇಶ ಕೆಲಸ ಮಾಡುವುದಿಲ್ಲವೆಂದು ತಿಳಿದ ಮೇಲೆ ದಾರಿ ಬದಲಿಸಿದೆ. ಬೇಕೆಂದೇ ತಪ್ಪಾಗಿ ಓದತೊಡಗಿದೆ. ‘ಹಾಲು ಹಾಳಾಗಿದೆ’ ಎಂದು ಯಾರಾದರೂ ಬರೆದರೆ, ‘ಹಲ್ಲು ಹಾಳಾಗಿದ್ದರೆ ವೈದ್ಯರಿಗೆ ತೋರಿಸು, ನನಗೇಕೆ ಹೇಳುತ್ತೀಯ?’ ಎಂದು ಉತ್ತರಿಸುತ್ತಿದ್ದೆ. ‘ಮಳೆ ಬರುತ್ತಿದೆ’ ಎಂದರೆ ‘ಯಾರ ಕೊರಳಿಗೆ ಮಾಲೆ?’ ಎನ್ನುತ್ತಿದ್ದೆ. ಎರಡು ವಾರ ಎಲ್ಲರೂ ನನ್ನನ್ನು ಶಪಿಸಿದರು. ಕೊನೆಗೆ ಪುಣ್ಯ ಕಟ್ಟಿಕೊಂಡವರು ಎರಡನೇ ಮಹಡಿಯ ಅಕ್ಕ. ಅವರು ಅನಂತಪುರದವನಿಗೆ ‘ಬಿಡುವಿದ್ದಾಗ ಮಗಳಿಗೆ ಸ್ವಲ್ಪ ಲೆಕ್ಕ ಕಲಿಸಪ್ಪ’ ಎಂದು ಬರೆದಿದ್ದರು. ಇವನು ಅದನ್ನು ‘ಕಳಿಸಪ್ಪ’ ಎಂದು ಓದಿ, ಮೂರು ತಿಂಗಳ ನೀರಿನ ಟ್ಯಾಂಕರಿನ ಖರ್ಚನ್ನು ಮನೆಮನೆಗೆ ಹಂಚಿ, ಅವರ ಪಾಲಿಗೆ ಬರುವ ಬಾಕಿಗೆ ಕೆಳಗೆ ಗೆರೆ ಎಳೆದು, ಮಗಳ ಮೊಬೈಲಿಗೇ ಕಳಿಸಿಬಿಟ್ಟ. ಅಕ್ಕ ನಾಲ್ಕು ದಿನ ಮುಖ ಕೊಟ್ಟು ಮಾತನಾಡಲಿಲ್ಲ. ಐದನೆಯ ದಿನ ಅವನೇ ನನ್ನ ಮುಂದೆ ಮೊಬೈಲು ಚಾಚಿ, ‘ಆ ಕೀಲಿಮಣೆ ಹಾಕಿಕೊಡು’ ಎಂದ.

ಹಾಕುವುದು ಹತ್ತು ನಿಮಿಷದ ಕೆಲಸ. ಗೂಗಲ್ಲಿನ ಕೀಲಿಮಣೆ ಜಿಬೋರ್ಡಿನ ಸೆಟ್ಟಿಂಗ್ಸಿನಲ್ಲಿ ಕನ್ನಡವನ್ನು ಸೇರಿಸಿದರೆ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಒಂದರಲ್ಲಿ ಕನ್ನಡದ ಅಕ್ಷರಗಳೇ ಕಾಣುತ್ತವೆ. ಇನ್ನೊಂದರಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಅದು ಊಹಿಸಿ ಕನ್ನಡ ಪದ ಕೊಡುತ್ತದೆ. ಎಲ್ಲರೂ ಎರಡನೆಯದನ್ನೇ ಆರಿಸಿಕೊಂಡರು, ಸುಲಭವೆಂದು. ನನ್ನ ಅಭಿಪ್ರಾಯದಲ್ಲಿ ಕನ್ನಡ ಓದಲು ಬರುವವರು ಮೊದಲನೆಯದನ್ನು ಕಲಿಯುವುದೇ ಲೇಸು. ಊಹೆಗೆ ಬಿಟ್ಟರೆ ಏನಾಗುತ್ತದೆಂದು ಕುಂದಾಪುರದವನು ತೋರಿಸಿಕೊಟ್ಟ: ‘ಇವತ್ತು ಹುಲಿ ಮಾಡಿದ್ದೇನೆ, ಚೆನ್ನಾಗಿ ಬೆಂದಿದೆ, ಬೇಗ ಬನ್ನಿ.’ ಹುಳಿ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿತ್ತಂತೆ, ಅವನಿಗೆ ಹಸಿವು. ಕಂಪ್ಯೂಟರಿನಲ್ಲಿ ನಾನು ಬಳಸುವುದು ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸ, ಕನ್ನಡ ಬರೆಯುವ ನುಡಿ ತಂತ್ರಾಂಶದಲ್ಲಿರುವಂಥದ್ದು. ಅಲ್ಲಿ ಸಣ್ಣ ‘ಎಲ್’ ಒತ್ತಿದರೆ ಲ, ದೊಡ್ಡದು ಒತ್ತಿದರೆ ಳ. ಹುಲಿಗೂ ಹುಳಿಗೂ ನಡುವೆ ಒಂದು ಬೆರಳಿನ ಅಂತರ ಖಾತ್ರಿ.

ಅನಂತಪುರದವನಿಗೆ ಲಿಪಿ ಕಷ್ಟವೇ ಆಗಲಿಲ್ಲ. ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನಿಂದ ಕವಲೊಡೆದವು. ತಲೆಕಟ್ಟಿನ ಆಕಾರಕ್ಕೆ ಕಣ್ಣು ಒಗ್ಗಿದರೆ ಮುಕ್ಕಾಲು ಪಾಲು ಓದಬಹುದು. ಅವನ ತೊಡಕು ಬೇರೆ. ತೆಲುಗಿನಲ್ಲಿ ಪಾಲು ಎಂದರೆ ಹಾಲು. ಹಳಗನ್ನಡದ ಎಷ್ಟೋ ಪದಗಳ ಮೊದಲಿನ ಪಕಾರ ನಮ್ಮಲ್ಲಿ ಹಕಾರವಾಯಿತು, ಅವರಲ್ಲಿ ಪಕಾರವಾಗಿಯೇ ಉಳಿಯಿತು. ಹಾಗಾಗಿ ‘ನನ್ನ ಪಾಲು ಎಲ್ಲಿ?’ ಎಂದು ಧಾರವಾಡದವನು ಹೋಳಿಗೆ ಕೇಳಿದರೆ ಇವನು ಫ್ರಿಜ್ಜಿನ ಕಡೆ ಕೈ ತೋರಿಸುತ್ತಿದ್ದ.

ಪಾಲಕ್ಕಾಡಿನವನಿಗೆ ಅಕ್ಷರ ಕಲಿಸಿದ್ದು ನಾನಲ್ಲ, ನಮ್ಮ ಮೆಟ್ರೊ. ಅವನು ದಿನವೂ ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಪೀಣ್ಯಕ್ಕೆ ಹೋಗುತ್ತಾನೆ. ಫಲಕಗಳಲ್ಲಿ ಕನ್ನಡದ ಜೊತೆ ಇಂಗ್ಲಿಷೂ ಇರುವುದರಿಂದ ಉತ್ತರ ಪಕ್ಕದಲ್ಲೇ ಇರುವ ಪ್ರಶ್ನೆಪತ್ರಿಕೆಯಂತೆ. ರಾಜಾಜಿನಗರ, ಯಶವಂತಪುರಗಳಲ್ಲಿ ಒತ್ತಕ್ಷರವಿಲ್ಲ, ಮೊದಲ ವಾರಕ್ಕೆ ಅವು. ಎರಡನೆಯ ವಾರ ಚಿಕ್ಕಪೇಟೆ, ಕಕಾರದ ಕೆಳಗೆ ಜೋತುಬಿದ್ದ ಒತ್ತು. ಮಹಾಲಕ್ಷ್ಮಿ ನಿಲ್ದಾಣ ಅವನನ್ನು ತಿಂಗಳುಗಟ್ಟಲೆ ಆಟವಾಡಿಸಿತು. ಒಂದರ ಕೆಳಗೊಂದು ಇಷ್ಟು ಜನ ಹೇಗೆ ನಿಂತಿದ್ದಾರೆ ಎಂದು ಕೇಳಿದ. ಮಲಯಾಳದಲ್ಲೂ ಲ, ಳ ಬೇರೆಬೇರೆ ಇರುವುದರಿಂದ ಹುಲಿ, ಹುಳಿ ವಿಷಯದಲ್ಲಿ ಅವನು ಇಂದಿಗೂ ಎಡವಿಲ್ಲ. ಎಡವುವವರು ನಾವೇ.

ಲಿಪಿ ಬಂದರೆ ಗೊಂದಲವೆಲ್ಲ ತೀರುತ್ತದೆ ಎಂದುಕೊಂಡಿದ್ದೆ. ‘ಸಾಮಾನಿನ ಪಟ್ಟಿ ಕಳಿಸು’ ಎಂದು ಅಚ್ಚುಕಟ್ಟಾಗಿ ಕನ್ನಡದಲ್ಲೇ ಬರೆದೆ. ಅವನಿಂದ ಬಂದದ್ದು ಬೀದಿಯ ನಾಯಿಯೊಂದರ ಚಿತ್ರ, ಕೆಳಗೆ ‘ಇದು ಸಾಕೇ?’ ಎಂಬ ಒಕ್ಕಣೆ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಈ ಸಲ ಬೇಕೆಂದೇ ತಪ್ಪು ಓದಿದವನು ಅವನು. ಶಿಷ್ಯ ಮೇಷ್ಟರ ವಿದ್ಯೆಯನ್ನು ಕದ್ದಿದ್ದ.

ಕಳೆದ ವರ್ಷ ಅವನ ತಾಯಿಗೆ ಇಲ್ಲೇ ಶಸ್ತ್ರಚಿಕಿತ್ಸೆಯಾಯಿತು. ಎರಡು ರಾತ್ರಿ ಆಸ್ಪತ್ರೆಯ ಮೊಗಸಾಲೆಯಲ್ಲಿ ನಾನು ಜೊತೆಗಿದ್ದೆ. ಅವರನ್ನು ಊರಿಗೆ ಕಳಿಸಿ ಬಂದ ದಿನ ಬಳಗದ ಎಲ್ಲರಿಗೂ ಕಾಣುವಂತೆ ಅವನು ನನಗೆ ಬರೆದ. ಆವರೆಗೆ ಅವನು ಬರೆದದ್ದರಲ್ಲಿ ಅದೇ ಅತಿ ಉದ್ದದ ಕನ್ನಡ ವಾಕ್ಯ, ಒಂದು ಒತ್ತೂ ತಪ್ಪಿರಲಿಲ್ಲ: ‘ಅಮ್ಮನ ಕಷ್ಟದ ಸಮಯದಲ್ಲಿ ನೀನು ನನಗೆ ಕೈ ಕೊಟ್ಟದ್ದನ್ನು ಜೀವವಿರುವವರೆಗೆ ಮರೆಯುವುದಿಲ್ಲ.’

ಮೊದಲ ಸಲ ಓದಿದಾಗ ಎದೆ ಧಸಕ್ಕೆಂದಿತು. ನಾನೇನು ಕೈಕೊಟ್ಟೆ? ಕ್ಷಣ ಬಿಟ್ಟು ಹೊಳೆಯಿತು, ಅವನು ಹೇಳಹೊರಟದ್ದು ಕೈ ನೀಡಿದ್ದನ್ನು, ಕೈಜೋಡಿಸಿದ್ದನ್ನು. ಧಾರವಾಡದವನು ನಗುವ ಚಿತ್ರ ಹಾಕಲು ಹೊರಟಿದ್ದನಂತೆ, ಹಾಕಲಿಲ್ಲ. ಯಾರೂ ತಿದ್ದಲಿಲ್ಲ. ಎಲ್ಲರನ್ನೂ ವರ್ಷಗಟ್ಟಲೆ ತಿದ್ದಿ ತಿದ್ದಿ ಪ್ರಾಣ ತಿಂದ ನಾನೂ ‘ಇರಲಿ ಬಿಡೋ’ ಎಂದಷ್ಟೇ ಬರೆದೆ.

ಈಗ ಮೂರನೇ ಮಹಡಿಯಲ್ಲಿ ಕೈಕೊಡುವುದೆಂದರೆ ನೆರವಾಗುವುದು. ಹೋದ ಭಾನುವಾರ ಗ್ಯಾಸ್ ಸಿಲಿಂಡರನ್ನು ಮೇಲೆ ಹೊರಬೇಕಿತ್ತು. ‘ಯಾರಾದರೂ ಬೇಗ ಬಂದು ಕೈಕೊಡಿ’ ಎಂದು ಬರೆದೆ. ಕುಂದಾಪುರದವನ ಉತ್ತರ ಕೂಡಲೇ ಬಂತು: ‘ಖಂಡಿತ ಕೈಕೊಡುತ್ತೇನೆ, ಹಳೆಯ ಅರ್ಥದಲ್ಲಿ. ಊರಿನ ಬಸ್ಸಿನಲ್ಲಿದ್ದೇನೆ.’