ಗಾಳಿ ತಣ್ಣಗಿತ್ತು, ಬಂಡೆ ಸುಡುತ್ತಿತ್ತು

ಕಾರ್ತಿಕ ಕಳೆದು, ಬೆಳಗ್ಗೆ ಹಾಲು ತರಲು ಹೋಗುವಾಗ ಸ್ವೆಟರ್ ಬೇಕು ಅನ್ನಿಸಲು ಶುರುವಾದರೆ ಸಾಕು, ಗೆಳತಿಯ ಫೋನ್ ಬರುತ್ತದೆ. "ಈ ಭಾನುವಾರ ಹೋಗೋಣ್ವೇನೇ? ಜೋನಿ ಹೇಗಿದ್ದಾಳೆ?"

ಜೋನಿ ನನ್ನ ನಾಯಿ. ಜೋನಿ ಬೆಲ್ಲದ ಬಣ್ಣ ಅವಳದು, ಅದಕ್ಕೇ ಆ ಹೆಸರು. ಕೇಳಿದವರೆಲ್ಲ 'ಜಾನಿ' ಅಂದುಕೊಂಡು ಗಂಡು ನಾಯಿ ಅಂತ ತಿಳಿಯುತ್ತಾರೆ. ಅಪ್ಪಟ ಬೀದಿ ನಾಯಿ. ಮೂರು ತಿಂಗಳ ಮರಿ ಇದ್ದಾಗ ನಮ್ಮ ರಸ್ತೆಯ ಮೋರಿ ಪಕ್ಕ ಸಿಕ್ಕವಳು. ಈಗ ಎಂಟು ವರ್ಷ, ತೂಕ 16 ಕೆಜಿ.

ನಾವು ಮಾಡುವುದು ದೊಡ್ಡ ಚಾರಣವೇನಲ್ಲ. ಟೆಂಟ್ ಇಲ್ಲ, ರಾತ್ರಿ ಉಳಿಯುವುದಿಲ್ಲ. ಬೆಂಗಳೂರಿನಿಂದ ನಸುಕಿನಲ್ಲಿ ಕಾರು ತೆಗೆದು ಹೊರಟು, ಒಂದು ಬೆಟ್ಟ ಹತ್ತಿ ಇಳಿದು, ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತೇವೆ. ನವೆಂಬರ್ ಕೊನೆಯಿಂದ ಫೆಬ್ರವರಿ ಮೊದಲ ವಾರದವರೆಗೆ ಎಂಟು ಹತ್ತು ಭಾನುವಾರ ಸಿಗುತ್ತವೆ. ಇಂಥ ಆರು ಚಳಿಗಾಲ ಕಳೆದಿದ್ದೇವೆ. ಆರರಲ್ಲಿ ಮೊದಲನೆಯದು ನನಗೆ ಇವತ್ತಿಗೂ ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದು ಶಿವರಾತ್ರಿಗೆ ಹತ್ತಿರದ ಭಾನುವಾರ. ಬೋಳು ಬಂಡೆಯ ಬೆಟ್ಟ. ಹತ್ತುವಾಗ ತಣ್ಣನೆ ಗಾಳಿ ಬೀಸುತ್ತಿತ್ತು, ನಾವಿಬ್ಬರೂ ಜಾಕೆಟ್ ಬಿಚ್ಚಿರಲಿಲ್ಲ. ಮೇಲೆ ಹೋಗಿ ಆರಾಮಾಗಿ ತಿಂಡಿ ತಿಂದು, ಹರಟೆ ಹೊಡೆದು, ಹನ್ನೊಂದೂವರೆಗೆ ಇಳಿಯಲು ಶುರು ಮಾಡಿದೆವು. ಅರ್ಧ ದಾರಿಯಲ್ಲಿ ಜೋನಿ ಒಂದು ಕಾಲು ಎತ್ತಿದಳು. ಅದನ್ನು ಇಟ್ಟು ಇನ್ನೊಂದು ಎತ್ತಿದಳು. ಮುಳ್ಳು ಚುಚ್ಚಿರಬೇಕು ಅಂತ ನೋಡಿದೆ, ಏನೂ ಕಾಣಲಿಲ್ಲ. ಸ್ವಲ್ಪ ದೂರ ನಡೆದು ಒಂದು ಸಣ್ಣ ಪೊದೆಯ ನೆರಳಿಗೆ ಓಡಿ ಕುಳಿತುಬಿಟ್ಟಳು. ಎಷ್ಟು ಕರೆದರೂ ಏಳಲಿಲ್ಲ. ಆಗ ನಾನು ಬಂಡೆ ಮೇಲೆ ಅಂಗೈ ಇಟ್ಟೆ. ಕಾದ ಹೆಂಚಿನ ಹಾಗಿತ್ತು. ಶೂ ಹಾಕಿದ್ದ ನಮಗೆ ಅದು ಗೊತ್ತೇ ಆಗಿರಲಿಲ್ಲ.

ಗೆಳತಿಯ ಚೂಡಿದಾರದ ದುಪಟ್ಟಾ ಬಿಚ್ಚಿ, ಅದನ್ನು ಜೋನಿಯ ಹೊಟ್ಟೆ ಕೆಳಗೆ ಕಟ್ಟಿ, ಇಬ್ಬರೂ ಒಂದೊಂದು ತುದಿ ಹಿಡಿದು ಇಳಿಸಿದೆವು. ಒಂದು ಗಂಟೆಯ ದಾರಿಗೆ ಎರಡೂವರೆ ಗಂಟೆ ಹಿಡಿಯಿತು. ಕೆಳಗೆ ಬಂದು ನೋಡಿದರೆ ಮುಂದಿನ ಎರಡು ಅಂಗಾಲಿನ ಚರ್ಮ ಬೊಬ್ಬೆಯೆದ್ದು ಸುಲಿದಿತ್ತು, ಒಳಗಿನ ಗುಲಾಬಿ ಮಾಂಸ ಕಾಣುತ್ತಿತ್ತು. ಅವಳು ಕೂಗಿರಲೇ ಇಲ್ಲ. ವಾಸಿಯಾಗಲು ಹತ್ತಿರ ಹತ್ತಿರ ಎರಡು ವಾರ ಬೇಕಾಯಿತು. ಅಷ್ಟೂ ದಿನ ಸಾಕ್ಸ್ ಹಾಕಿಕೊಂಡು ಮನೆಯಲ್ಲಿ ಕುಂಟುತ್ತಿದ್ದಳು.

ಚಳಿಗಾಲದಲ್ಲಿ ತಣ್ಣಗಿರುವುದು ಗಾಳಿ. ನಮ್ಮ ಕಡೆಯ ಬೆಟ್ಟಗಳು ಬಹುತೇಕ ಒಂದೇ ಹಾಸಿನ ಕಲ್ಲು. ಬಿಸಿಲು ಬಿದ್ದರೆ ಬೇಗ ಕಾಯುತ್ತವೆ, ಕಾದರೆ ಬೇಗ ಆರುವುದಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ಅಂದಿನಿಂದ ನಾನು ಹತ್ತು ನಿಮಿಷಕ್ಕೊಮ್ಮೆ ಬಂಡೆ ಮೇಲೆ ಕೈಯ ಹಿಂಭಾಗ ಇಟ್ಟು ಏಳು ಎಣಿಸುತ್ತೇನೆ. ಏಳರ ತನಕ ಇಡಲಾಗದಿದ್ದರೆ ಅಲ್ಲಿಂದ ವಾಪಸ್. ತುದಿ ನೂರು ಮೆಟ್ಟಿಲಿದ್ದರೂ ವಾಪಸ್.

ಎಷ್ಟು ಹೊತ್ತಿಗೆ ಹತ್ತಬೇಕು ಅನ್ನುವುದನ್ನೂ ಜೋನಿಯೇ ತೀರ್ಮಾನಿಸಿಬಿಟ್ಟಿದ್ದಾಳೆ. ಬೆಂಗಳೂರಿನ ಬಹಳ ಜನ ಕತ್ತಲಲ್ಲೇ ಟಾರ್ಚ್ ಹಿಡಿದು ಹತ್ತಿ ಸೂರ್ಯೋದಯ ನೋಡುತ್ತಾರೆ. ನಾಯಿ ಇದ್ದರೆ ಅದು ಬೇಡವೇ ಬೇಡ. ಮಾಗಡಿ, ಕುಣಿಗಲ್, ರಾಮನಗರ ಕಡೆಯ ಬೆಟ್ಟಗಳಲ್ಲಿ ಚಿರತೆ ಇದೆ. ಚಿರತೆಗೆ ನಾಯಿ ಇಷ್ಟದ ಬೇಟೆ. ಹಳ್ಳಿಯವರನ್ನು ಕೇಳಿದರೆ ಯಾರ ಮನೆಯ ನಾಯಿ ಯಾವಾಗ ಹೋಯಿತು ಅಂತ ಲೆಕ್ಕ ಹೇಳುತ್ತಾರೆ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಹತ್ತಿರ. ಚೆನ್ನಾಗಿ ಬೆಳಕು ಹರಿದು ಏಳು ದಾಟಿದ ಮೇಲೇ ನಾವು ಹೆಜ್ಜೆ ಇಡುವುದು. ಹತ್ತೂವರೆಗೆ ಬಂಡೆ ಬಿಟ್ಟಿರಬೇಕು. ಅತ್ತ ಚಿರತೆಯ ಹೊತ್ತು, ಇತ್ತ ಬಿಸಿಲಿನ ಹೊತ್ತು. ನಡುವಿನ ಮೂರೂವರೆ ಗಂಟೆ ನಮ್ಮದು.

ಎಲ್ಲಿಗೆ ಹೋಗಬೇಕು ಅನ್ನುವುದಕ್ಕೂ ಒಂದು ಮಿತಿ ಇದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಸಾಕು ನಾಯಿ ಒಯ್ಯಬಾರದು. ರಾಮದೇವರ ಬೆಟ್ಟ ಎಷ್ಟು ಚೆಂದ ಇದ್ದರೂ ಅದು ರಣಹದ್ದುಗಳ ಧಾಮ, ಅಲ್ಲಿಗೆ ಜೋನಿ ಇಲ್ಲದ ದಿನ ಹೋಗುತ್ತೇವೆ. ಈ ನಿಯಮದ ಬಗ್ಗೆ ಕೆಲವರು ಗೊಣಗುವುದನ್ನು ಕೇಳಿದ್ದೇನೆ. ನನಗೆ ಅದು ಸರಿ ಅನ್ನಿಸುತ್ತದೆ. ನಾಯಿಯ ರೋಗ ಕಾಡುಪ್ರಾಣಿಗೆ ತಗುಲಬಹುದು. 2018ರಲ್ಲಿ ಗಿರ್ ಕಾಡಿನಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಅವುಗಳ ಮೈಯಲ್ಲಿ ಸಿಕ್ಕಿದ್ದು ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್. ಹಾಗಾಗಿ ಊರಿನ ಪಕ್ಕದಲ್ಲಿರುವ, ದನ ಕುರಿ ಓಡಾಡುವ, ಜನ ದೇವರಿಗೆ ಅಂತ ಹತ್ತಿ ಇಳಿಯುವ ಬೆಟ್ಟಗಳನ್ನೇ ಹುಡುಕುತ್ತೇವೆ. ಹೋದ ಕೂಡಲೇ ಊರಿನವರನ್ನು ಒಂದು ಮಾತು ಕೇಳುತ್ತೇವೆ.

ಅಂಥದ್ದರಲ್ಲಿ ನಮಗೆ ಬಹಳ ಹಿಡಿಸಿದ್ದು ಹುತ್ರಿದುರ್ಗ. ಕೆಂಪೇಗೌಡರ ನವದುರ್ಗಗಳಲ್ಲಿ ಒಂದು. ಕುಣಿಗಲ್ ತಾಲ್ಲೂಕು, ಬೆಂಗಳೂರಿನಿಂದ 70 ಕಿಲೋಮೀಟರ್ ಆಸುಪಾಸು. ಮಾಗಡಿ ದಾಟಿ ಕುಣಿಗಲ್ ದಾರಿ ಹಿಡಿದು ಒಳಗೆ ತಿರುಗಬೇಕು. ರಾಗಿ ಕೊಯ್ಲಾದ ದಿನಗಳಲ್ಲಿ ಈ ಒಳರಸ್ತೆಯ ಮೇಲೆ ತೆನೆ ಹರಡಿರುತ್ತಾರೆ, ಗಾಡಿಗಳು ಅದರ ಮೇಲೇ ಹಾಯಬೇಕು. ಅಲ್ಲಿ ಕಾರು ನಿಲ್ಲಿಸಿ ನಾಯಿ ಇಳಿಸಬೇಡಿ. ಅದು ಒಬ್ಬರ ಮನೆಯ ಅನ್ನ, ನಾಯಿಗೆ ಅದರ ಮೇಲೇ ಕಾಲೆತ್ತಬೇಕು ಅನ್ನಿಸಬಹುದು.

ಬೆಟ್ಟದ ಬುಡದಲ್ಲಿ ಸಂತೇಪೇಟೆ ಅಂತ ಸಣ್ಣ ಊರು. ಊರು ದಾಟುವುದೇ ಮೊದಲ ಪರೀಕ್ಷೆ. ಊರ ನಾಯಿಗಳು ಬಾಲ ಎತ್ತಿಕೊಂಡು ಬರುತ್ತವೆ. ಮೊದಲು ನಾನು ಹೆದರಿ ಜೋನಿಯನ್ನು ಎತ್ತಿಕೊಳ್ಳುತ್ತಿದ್ದೆ. ಅದು ತಪ್ಪು, ಎತ್ತಿದರೆ ಅವು ನಮ್ಮ ಮೈಮೇಲೇ ಹಾರುತ್ತವೆ. ಈಗ ಗೆಳತಿ ಕೋಲು ನೆಲಕ್ಕೆ ಕುಟ್ಟುತ್ತಾ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಾಳೆ. ನಾನು ಜೋನಿಯನ್ನು ಹತ್ತಿರ ಹಿಡಿದು ನಿಧಾನವಾಗಿ, ನಿಲ್ಲದೆ ನಡೆಯುತ್ತೇನೆ. ಊರಿನ ಎಲ್ಲೆ ದಾಟಿದರೆ ಅವು ತಾವಾಗೇ ನಿಲ್ಲುತ್ತವೆ. ಕಳೆದ ಸಲ ಜಗಲಿಯ ಮೇಲೆ ಕುಳಿತಿದ್ದ ಒಬ್ಬ ಅಜ್ಜಿ ತಮ್ಮ ನಾಯಿಯನ್ನು ಗದರಿಸಿ, "ಏನವ್ವ, ನಾಯೀನೂ ಬೆಟ್ಟಕ್ಕೆ ಕರ್ಕೊಂಡು ಹೊಂಟ್ರಾ? ಹುಷಾರು ಕಣವ್ವ, ಬಿಡ್ಬೇಡಿ ಅದನ್ನ" ಅಂದರು. "ಇಲ್ಲ ಅಜ್ಜಿ, ಹಿಡ್ಕೊಂಡೇ ಇರ್ತೀವಿ" ಅಂದೆ.

ಅಜ್ಜಿಯ ಮಾತು ನೂರಕ್ಕೆ ನೂರು ನಿಜ. ಬೆಟ್ಟದ ಮೇಲೆ ಯಾರೂ ಇಲ್ಲ ಅಂತ ಲೀಶ್ ಬಿಚ್ಚುವ ಆಸೆ ಆಗುತ್ತದೆ. ನಾನು ಬಿಚ್ಚುವುದಿಲ್ಲ. ಕುರಿಮಂದೆ ಎದುರಾದರೆ, ಮೊಲ ಹಾದರೆ, ಬಿಸಿಲು ಕಾಯಲು ಬಂಡೆ ಮೇಲೆ ಮಲಗಿದ ಹಾವು ಕಂಡರೆ ಎಂಥ ಒಳ್ಳೆಯ ನಾಯಿಯೂ ಮಾತು ಕೇಳುವುದಿಲ್ಲ. ಕುತ್ತಿಗೆಗೆ ಹಾಕುವ ಬೆಲ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಜಾರಿದರೆ ಕುತ್ತಿಗೆ ಬಿಗಿಯುವುದಿಲ್ಲ, ಬೆನ್ನ ಮೇಲಿನ ಹಿಡಿಯಿಂದ ಎತ್ತಬಹುದು. ಲೀಶ್ ಆರು ಅಡಿ ಸಾಕು. ತಾನಾಗೇ ಉದ್ದವಾಗಿ ಸುತ್ತಿಕೊಳ್ಳುವ ಬಗೆಯದು ಬೆಟ್ಟಕ್ಕಲ್ಲ.

ಹುತ್ರಿದುರ್ಗದ ದಾರಿ ಒಂದರ ಮೇಲೊಂದು ಕೋಟೆ ಬಾಗಿಲು ದಾಟಿಕೊಂಡು ಹೋಗುತ್ತದೆ. ಬಾಗಿಲುಗಳ ಒಳಗೆ ಸದಾ ನೆರಳು. ಪ್ರತಿ ಬಾಗಿಲಲ್ಲೂ ಜೋನಿಗೆ ನೀರು, ಅದು ನಮ್ಮ ಪದ್ಧತಿ. ಅವಳಿಗೆ ಅಂತಲೇ ಎರಡು ಲೀಟರ್ ಒಯ್ಯುತ್ತೇವೆ. ಒಮ್ಮೆಲೇ ಬಟ್ಟಲು ತುಂಬ ಕೊಟ್ಟರೆ ಕುಡಿದು ವಾಂತಿ ಮಾಡುತ್ತಾಳೆ, ಅದಕ್ಕೆ ಸ್ವಲ್ಪ ಸ್ವಲ್ಪ. ಬಂಡೆಯ ಹೊಂಡದಲ್ಲಿ ನಿಂತ ಹಸಿರು ನೀರಿಗೆ ಬಾಯಿ ಹಾಕಲು ಬಿಡುವುದಿಲ್ಲ. ಇಲಿ ಹೆಗ್ಗಣದ ಮೂತ್ರ ಸೇರಿದ ನೀರಿನಿಂದ ಲೆಪ್ಟೋ, ಅಂದರೆ ಇಲಿ ಜ್ವರ ಬರುತ್ತದೆ. ಲಸಿಕೆ ಹಾಕಿಸಿದ್ದರೂ ಹುಷಾರಾಗಿರುವುದು ವಾಸಿ.

ಬಂಡೆಯಲ್ಲಿ ಕಡೆದ ಮೆಟ್ಟಿಲು ಬಂದಾಗ ಜೋನಿ ಒಂದು ಕ್ಷಣ ನಿಲ್ಲುತ್ತಾಳೆ. ಮೂತಿ ಕೆಳಗಿಟ್ಟು ಮೊದಲ ಮೆಟ್ಟಿಲನ್ನು ಮೂಸುತ್ತಾಳೆ. ಮುಂಗಾಲಿನ ಬೆರಳುಗಳನ್ನು ಅಗಲ ಮಾಡಿ, ಉಗುರು ಊರಿ, ಹಿಂಗಾಲು ಎಳೆದುಕೊಂಡು ಹತ್ತುತ್ತಾಳೆ. ಉಗುರು ಕಲ್ಲಿಗೆ ತಾಗುವ ಟಕ್ ಟಕ್ ಸದ್ದು ಕೇಳುತ್ತಲೇ ಇರಬೇಕು ನನಗೆ. ಸದ್ದಿನ ಲಯ ತಪ್ಪಿದರೆ ಅವಳು ಸುಸ್ತಾಗಿದ್ದಾಳೆ ಅಂತ ಗೊತ್ತಾಗುತ್ತದೆ. ಇಳಿಯುವಾಗ ಹೆಚ್ಚು ಅಪಾಯ. ನಾಯಿ ಖುಷಿಯಲ್ಲಿ ಮುಂದೆ ನುಗ್ಗಿ ನಮ್ಮನ್ನೂ ಎಳೆದು ಬೀಳಿಸುತ್ತದೆ. ಅದಕ್ಕೆ ಗೆಳತಿ ಹತ್ತು ಮೆಟ್ಟಿಲು ಮೊದಲು ಇಳಿದು ಕೂರುತ್ತಾಳೆ. "ಬಾ ಪುಟ್ಟಿ, ನಿಧಾನ" ಅನ್ನುತ್ತಾಳೆ. ನಾನು ಮೇಲೆ ಕುಳಿತು ಲೀಶನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತೇನೆ. ಒಬ್ಬರಿಂದ ಇದು ಆಗುವುದಿಲ್ಲ. ನಾಯಿ ಜೊತೆ ಬೆಟ್ಟ ಹತ್ತಲು ಇಬ್ಬರಾದರೂ ಬೇಕು ಅಂತ ನಾನು ಹೇಳುವುದು ಇದಕ್ಕೇ.

ತುದಿಯಲ್ಲಿ ಶಂಕರೇಶ್ವರನ ಗುಡಿ, ಮುಂದೆ ನಂದಿ. ಸಮುದ್ರ ಮಟ್ಟದಿಂದ 3,700 ಅಡಿ ಹತ್ತಿರ. ಪೂರ್ವಕ್ಕೆ ತಿರುಗಿದರೆ ಮಂಜಿನ ನಡುವೆ ಸಾವನದುರ್ಗದ ಬಂಡೆ ಕಾಣುತ್ತದೆ. ಗುಡಿಯ ಹತ್ತಿರಕ್ಕೆ ಜೋನಿಯನ್ನು ಒಯ್ಯುವುದಿಲ್ಲ. ಒಬ್ಬರು ಅವಳ ಜೊತೆ ದೂರದಲ್ಲಿ ಕೂರುತ್ತೇವೆ, ಇನ್ನೊಬ್ಬರು ಕೈ ಮುಗಿದು ಬರುತ್ತೇವೆ, ಆಮೇಲೆ ಅದಲು ಬದಲು. ಯಾರೂ ಏನೂ ಅಂದಿಲ್ಲ, ಅನ್ನುವ ತನಕ ಯಾಕೆ ಕಾಯಬೇಕು ಅಲ್ವಾ?

ತಿಂಡಿ ವಿಷಯ ಒಂದು ಹೇಳಲೇಬೇಕು. ಬೆಟ್ಟಕ್ಕೆ ಹೋಗುವಾಗ ಎಲ್ಲರ ಬ್ಯಾಗಿನಲ್ಲೂ ಒಣದ್ರಾಕ್ಷಿ, ಚಾಕಲೇಟ್ ಇರುತ್ತದೆ. ಎರಡೂ ನಾಯಿಗೆ ವಿಷ. ದ್ರಾಕ್ಷಿಯಿಂದ ಕಿಡ್ನಿ ಕೆಡುತ್ತದೆ, ಸ್ವಲ್ಪವೇ ತಿಂದರೂ ಕೆಲವು ನಾಯಿಗಳಿಗೆ ತಡೆಯುವುದಿಲ್ಲ. ಈರುಳ್ಳಿಯೂ ಕೆಟ್ಟದ್ದು, ಹಾಗಾಗಿ ನಮ್ಮ ಚಿತ್ರಾನ್ನದಲ್ಲಿ ಅವಳಿಗೆ ಪಾಲಿಲ್ಲ. ಅವಳಿಗೆ ಎರಡು ಬೇಯಿಸಿದ ಮೊಟ್ಟೆ, ಒಂದು ಹಿಡಿ ಮೊಸರನ್ನ. ಹೊರಡುವ ಮುಂಚೆ ಹೊಟ್ಟೆ ತುಂಬ ಹಾಕುವುದಿಲ್ಲ. ಇನ್ನು ಬಂಡೆಗೆ ಹೆಜ್ಜೇನು ಕಟ್ಟಿದ್ದು ಕಂಡರೆ ಸದ್ದು ಮಾಡದೆ ದೂರ ಹೋಗುತ್ತೇವೆ. ನಾಯಿ ಬೊಗಳಲು ಶುರು ಮಾಡಿದರೆ ಅಲ್ಲಿಂದ ಮೊದಲು ಅದನ್ನು ಎಳೆದುಕೊಂಡು ಹೋಗಬೇಕು. ಬ್ಯಾಗಿನ ತಳದಲ್ಲಿ ಈಗ ದುಪಟ್ಟಾ ಬದಲು ಗಟ್ಟಿಯಾದ ಹಳೇ ಪಂಚೆ ಇದೆ. ಐದು ವರ್ಷದಲ್ಲಿ ಒಮ್ಮೆಯೂ ಬಿಚ್ಚಿಲ್ಲ. ಬಿಟ್ಟು ಹೋಗಿದ್ದೂ ಇಲ್ಲ.

ವಾಪಸ್ ಬರುವಾಗ ಮಾಗಡಿ ದಾರಿಯಲ್ಲಿ ಅವರೆಕಾಯಿ. ಡಿಸೆಂಬರ್ ಜನವರಿಯಲ್ಲಿ ರಸ್ತೆ ಪಕ್ಕ ಗುಡ್ಡೆ ಹಾಕಿಕೊಂಡು ಕುಳಿತಿರುತ್ತಾರೆ. ಕಾರಿನೊಳಗೆ ಸೊಗಡಿನ ವಾಸನೆ ತುಂಬುತ್ತದೆ. ಜೋನಿ ಚೀಲಕ್ಕೆ ಮೂಗು ತೂರಿಸಿ ಮಲಗಿಬಿಡುತ್ತಾಳೆ.

ಮನೆಗೆ ಬಂದರೂ ಕೆಲಸ ಮುಗಿದಿರುವುದಿಲ್ಲ. ವರಾಂಡದಲ್ಲಿ ಚಾಪೆ ಹಾಸಿ ಗೆಳತಿ ಅವರೆಕಾಯಿ ಸುಲಿಯಲು ಕೂರುತ್ತಾಳೆ. ನಾನು ಜೋನಿಯನ್ನು ಮಗ್ಗುಲಿಗೆ ಮಲಗಿಸಿಕೊಳ್ಳುತ್ತೇನೆ. ಚಳಿಗಾಲದಲ್ಲಿ ಹುಲ್ಲು ಒಣಗಿ ಊಬು, ಅಂದರೆ ತೆನೆಯ ಚೂಪು ಮುಳ್ಳು, ಉದುರುತ್ತದೆ. ಅದು ಬಾಣದ ಹಾಗೆ, ಒಳಗೆ ಹೋಗುತ್ತದೆ, ಹಿಂದೆ ಬರುವುದಿಲ್ಲ. ಬೆರಳ ಸಂದಿಯಲ್ಲಿ ಹೊಕ್ಕರೆ ಕೀವಾಗುತ್ತದೆ, ಕಿವಿಗೆ ಹೊಕ್ಕರೆ ಡಾಕ್ಟರೇ ತೆಗೆಯಬೇಕು. ಒಂದೊಂದೇ ಬೆರಳು ಬಿಡಿಸಿ ನೋಡುತ್ತೇನೆ. ಆಮೇಲೆ ಉಣ್ಣೆ ಹುಳ. ಕಿವಿಯ ಮಡಿಕೆ, ಕಂಕುಳು, ಬಾಲದ ಬುಡ, ಬೆಲ್ಟಿನ ಕೆಳಗೆ ಬೆರಳಾಡಿಸಿದರೆ ಸಾಸಿವೆ ಕಾಳಿನ ಹಾಗೆ ಸಿಗುತ್ತದೆ. ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ ಹಾಕುವುದು, ಬೆಂಕಿ ತಾಗಿಸುವುದು ಬೇಡ. ತಿಂಗಳಿಗೊಮ್ಮೆ ಮಾತ್ರೆ ಕೊಟ್ಟರೂ ನಾನು ಇದನ್ನು ಬಿಡುವುದಿಲ್ಲ. ಮುಂದಿನ ಮೂರು ವಾರದಲ್ಲಿ ಅವಳು ಊಟ ಬಿಟ್ಟರೆ, ಮೈ ಬಿಸಿಯಾದರೆ, ತಡಮಾಡದೆ ರಕ್ತ ಪರೀಕ್ಷೆ. ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್ ಬೇಗ ಗೊತ್ತಾದರೆ ವಾಸಿಯಾಗುತ್ತದೆ.

ಹೋದ ಭಾನುವಾರ ನಾಲ್ಕು ಊಬು, ಎರಡು ಉಣ್ಣೆ ಸಿಕ್ಕವು. ಅಂಗಾಲು ತಿರುಗಿಸಿ ನೋಡಿದೆ, ಕಪ್ಪಗೆ ಗಟ್ಟಿಯಾಗಿ ಚೆನ್ನಾಗಿದ್ದವು. ಹೆಬ್ಬೆರಳಿನಿಂದ ಸ್ವಲ್ಪ ಕೊಬ್ಬರಿ ಎಣ್ಣೆ ತಿಕ್ಕಿದೆ. ಕೊನೆಯ ಕಾಲಿಗೆ ಬರುವಷ್ಟರಲ್ಲಿ ಜೋನಿಗೆ ನಿದ್ದೆ ಬಂದಿತ್ತು. ಗೆಳತಿ ಮೊರದಲ್ಲಿ ಕಾಳು ಎರಡು ಪಾವು ಆಗುವಷ್ಟು ಸುಲಿದಿಟ್ಟು, "ಸಾರು ಮಾಡೋದಾ, ಉಪ್ಪಿಟ್ಟಿಗೆ ಹಾಕೋದಾ?" ಅಂತ ಮೆಲ್ಲಗೆ ಕೇಳಿದಳು.