ಬೀಟಾ ತಂತ್ರಾಂಶ: ಹಾಕಿಕೊಳ್ಳುವ ಮುನ್ನ, ಹಾಕಿಕೊಂಡ ಮೇಲೆ

ಹೊಸ ಸೌಲಭ್ಯಗಳು ಎಲ್ಲರಿಗಿಂತ ಮೊದಲು ಕೈಗೆ ಸಿಗುತ್ತವೆ ಎಂಬ ಆಸೆಯಿಂದ ಮೊಬೈಲಿಗೆ ಬೀಟಾ ಆವೃತ್ತಿ (ಅಂತಿಮ ಬಿಡುಗಡೆಗೆ ಮುನ್ನ ಪರೀಕ್ಷೆಗಾಗಿ ಕೊಡುವ ತಂತ್ರಾಂಶ) ಹಾಕಿಕೊಂಡವರು ಬಹುಬೇಗ ಬೇಸತ್ತುಹೋಗುತ್ತಾರೆ. ತಯಾರಕರ ಪ್ರಯೋಗಾಲಯದಲ್ಲಿ ಕೂಡಿಹಾಕಲಾಗದಷ್ಟು ಬಗೆಯ ಆ್ಯಪ್, ನೆಟ್‌ವರ್ಕ್, ಇಯರ್‌ಫೋನ್ ಮತ್ತು ಭಾಷೆಗಳ ನಡುವೆ ತಂತ್ರಾಂಶ ಎಲ್ಲಿ ಎಡವುತ್ತದೆ ಎಂದು ತಿಳಿಯುವುದಕ್ಕಾಗಿಯೇ ಅದನ್ನು ಹೊರಗೆ ಬಿಡುತ್ತಾರೆ. ನೋಟಿಫಿಕೇಶನ್‌ನಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗಿದ್ದರೆ ಅದು ಕನ್ನಡ ಓದುವವರ ಕಣ್ಣಿಗೆ ಮಾತ್ರ ಬೀಳುತ್ತದೆ.

ನಿತ್ಯ ಬಳಸುವ ಏಕೈಕ ಫೋನಿಗೆ ಬೀಟಾ ಹಾಕದಿರುವುದು ಉತ್ತಮ. ಹಾಕಲೇಬೇಕೆಂದಿದ್ದರೆ ಮೊದಲು ಬ್ಯಾಕಪ್ ತೆಗೆಯಿರಿ. ಐಫೋನಿನಲ್ಲಿ ಬೀಟಾ ಇರುವಾಗ ತೆಗೆದ ಬ್ಯಾಕಪ್ ಹಳೆಯ ಆವೃತ್ತಿಗೆ ಹೊಂದುವುದಿಲ್ಲವಾದ್ದರಿಂದ, ಮುಂಚೆಯೇ ಕಂಪ್ಯೂಟರಿನಲ್ಲಿ ಒಂದನ್ನು ತೆಗೆದು ಆರ್ಕೈವ್ ಮಾಡಿ (ಹೊಸ ಬ್ಯಾಕಪ್ ಅದರ ಜಾಗ ಆಕ್ರಮಿಸದಂತೆ) ಇಡಬೇಕು. ಗೂಗಲ್‌ನ ಪಿಕ್ಸೆಲ್ ಫೋನಿನಲ್ಲಿ ಆಂಡ್ರಾಯ್ಡ್ ಬೀಟಾವನ್ನು ನಡುವೆಯೇ ಬಿಟ್ಟು ಹಳೆಯ ಆವೃತ್ತಿಗೆ ಮರಳಿದರೆ ಫೋನಿನಲ್ಲಿರುವ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ. ಎರಡು ಹಂತದ ಲಾಗಿನ್‌ಗೆ ಬೇಕಾಗುವ ಕೋಡ್‌ಗಳ ಆ್ಯಪ್ ಇನ್ನೊಂದು ಸಾಧನದಲ್ಲೂ ಇದೆಯೇ ಎಂದು ನೋಡಿಕೊಳ್ಳಿ. ಇದನ್ನು ಮರೆತವರೇ ಹೆಚ್ಚು.

ಆಪಲ್ ಸಾಮಾನ್ಯವಾಗಿ ಜೂನ್‌ನಲ್ಲಿ ಆ್ಯಪ್ ತಯಾರಕರಿಗಾಗಿ ಡೆವಲಪರ್ ಬೀಟಾ ನೀಡಿ, ಕೆಲವು ವಾರಗಳ ನಂತರ ಸಾರ್ವಜನಿಕರಿಗಾಗಿ ಪಬ್ಲಿಕ್ ಬೀಟಾ ಬಿಡುಗಡೆ ಮಾಡುತ್ತದೆ. 2023ರಿಂದ ಡೆವಲಪರ್ ಬೀಟಾಕ್ಕೆ ವಾರ್ಷಿಕ 99 ಡಾಲರ್ ಶುಲ್ಕ ಕಟ್ಟಬೇಕಾಗಿಲ್ಲ. ಹಾಗೆಂದು ಅದು ಎಲ್ಲರಿಗೂ ತಕ್ಕದ್ದಲ್ಲ, ಸಾಮಾನ್ಯ ಬಳಕೆದಾರರು ಪಬ್ಲಿಕ್ ಬೀಟಾದವರೆಗೆ ಕಾಯುವುದೇ ಲೇಸು.

ಮೊದಲ ಒಂದೆರಡು ದಿನ ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಚಿತ್ರಗಳನ್ನೂ ಕಡತಗಳನ್ನೂ ಒಳಗೊಳಗೇ ಮತ್ತೆ ಸೂಚೀಕರಿಸುವ (ಹುಡುಕಲು ಸುಲಭವಾಗುವಂತೆ ಪಟ್ಟಿ ಮಾಡುವ) ಕೆಲಸ ನಡೆದಿರುವುದೇ ಇದಕ್ಕೆ ಮುಖ್ಯ ಕಾರಣವಾದ್ದರಿಂದ ಆಗಲೇ ದೂರು ಕಳುಹಿಸಬೇಡಿ. ಬ್ಯಾಂಕಿನ ಆ್ಯಪ್ ತೆರೆಯದಿದ್ದರೆ ಅದಕ್ಕೆ ಒಂದು ನಕ್ಷತ್ರ ಕೊಟ್ಟು ಸಿಟ್ಟು ತೀರಿಸಿಕೊಳ್ಳುವುದೂ ನ್ಯಾಯವಲ್ಲ. ಇಂಥ ವಿಮರ್ಶೆಗಳ ಕಾಟ ತಾಳಲಾರದೆ ಡೆವಲಪರ್‌ಗಳು ಗೋಳಾಡಿದ್ದರಿಂದ, 2015ರಲ್ಲಿ ಆಪಲ್ ಬೀಟಾ ಫೋನುಗಳಿಂದ ಆ್ಯಪ್ ಸ್ಟೋರ್‌ಗೆ ವಿಮರ್ಶೆ ಬರೆಯುವುದನ್ನೇ ತಡೆಯಿತು.

ಕಿರಿಕಿರಿ ಸಾರ್ಥಕವಾಗುವುದು ವರದಿಯಲ್ಲಿ. ಒಮ್ಮೆ ನನ್ನ ಫೋನಿನಲ್ಲಿ ಕರೆಯ ಧ್ವನಿ ಇಯರ್‌ಫೋನಿಗೆ ಬರುತ್ತಿರಲಿಲ್ಲ. "ಬ್ಲೂಟೂತ್ ಸರಿಯಿಲ್ಲ" ಎಂದಷ್ಟೇ ಬರೆದು ಕಳುಹಿಸಿದೆ. ಏನೂ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಆಮೇಲೆ ಕುಳಿತು ಪರೀಕ್ಷಿಸಿದಾಗ, ಹಾಡು ಕೇಳುತ್ತಿರುವಾಗ ಬಂದ ಕರೆಯನ್ನು ಲಾಕ್ ಪರದೆಯಿಂದಲೇ ಸ್ವೀಕರಿಸಿದರೆ ಮಾತ್ರ ಹಾಗಾಗುತ್ತದೆ, ಹಾಡು ನಿಲ್ಲಿಸಿದ್ದರೆ ಆಗುವುದಿಲ್ಲ ಎಂದು ತಿಳಿಯಿತು. ನಿಮ್ಮ ವರದಿಯಲ್ಲೂ ಹೀಗೆಯೇ ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಎಷ್ಟು ಬಾರಿ ಪ್ರಯತ್ನಿಸಿದಾಗ ಎಷ್ಟು ಸಲ ಆಯಿತು ಎಂಬುದಿರಲಿ. ಜೊತೆಗೆ ಬಿಲ್ಡ್ ಸಂಖ್ಯೆ (ತಂತ್ರಾಂಶದ ನಿರ್ದಿಷ್ಟ ಆವೃತ್ತಿಯ ಗುರುತು) ಮತ್ತು ದೋಷ ಕಂಡ ಗಂಟೆ-ನಿಮಿಷವನ್ನೂ ಸೇರಿಸಿ. ಹಳೆಯ ಲಾಗ್‌ಗಳು (ಫೋನ್ ತಾನೇ ಬರೆದಿಟ್ಟುಕೊಳ್ಳುವ ದಾಖಲೆಗಳು) ಅಳಿಸಿಹೋಗುವುದರಿಂದ, ಐಫೋನಿನಲ್ಲಿ ಫೀಡ್‌ಬ್ಯಾಕ್ ಅಸಿಸ್ಟೆಂಟ್ ಆ್ಯಪ್ ಮೂಲಕ, ಆಂಡ್ರಾಯ್ಡ್‌ನಲ್ಲಿ ಡೆವಲಪರ್ ಆಯ್ಕೆಗಳಲ್ಲಿರುವ ಬಗ್ ರಿಪೋರ್ಟ್ ಮೂಲಕ, ಘಟನೆಯಾದ ಕೂಡಲೇ ಅವನ್ನು ಹಿಡಿದಿಡಬೇಕು. ಲಾಗ್‌ನಲ್ಲಿ ಖಾಸಗಿ ವಿವರಗಳಿರಬಹುದಾದ್ದರಿಂದ ಅದನ್ನು ಸಾರ್ವಜನಿಕವಾಗಿ ಎಲ್ಲೂ ಹಾಕಬೇಡಿ.

ಅಂತಿಮ ಆವೃತ್ತಿ ಬಂದ ಮೇಲೆ ಅದನ್ನು ಹಾಕಿಕೊಂಡು, ಮುಂದಿನ ಬೀಟಾ ಫೋನಿಗೆ ಇಳಿಯುವ ಮೊದಲೇ ಬೀಟಾ ಯೋಜನೆಯಿಂದ ಹೊರಬಂದರೆ ಪಿಕ್ಸೆಲ್‌ನಲ್ಲೂ ಮಾಹಿತಿ ಅಳಿಯುವುದಿಲ್ಲ. ಐಫೋನಿನಲ್ಲಿ ಸೆಟ್ಟಿಂಗ್ಸ್‌ನ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಹೋಗಿ ಬೀಟಾ ಅಪ್‌ಡೇಟ್‌ಗಳನ್ನು ಆಫ್ ಮಾಡಿದರೆ ಸಾಕು.