ಮುಚ್ಚಳ ತೆಗೆದ ಮೇಲೆ ಹಗುರಾದ ಮನೆ: ಪೆರಿಮೆನೋಪಾಸ್ ಕಾಲದ ನನ್ನ ಅನುಭವ

ಮುಚ್ಚಳವಿಲ್ಲದ ಬುಟ್ಟಿಗಳಲ್ಲಿ ಸಾಮಾನು ಇಟ್ಟರೆ ಮನೆ ಸಂತೆಯಾಗುತ್ತದೆ ಎಂದವರೇ ಹೆಚ್ಚು. ವರ್ಷದ ಮೇಲಾಯಿತು, ಸಂತೆಯಾಗಿಲ್ಲ. ಹೇಳಿದವರೇ ಈಗ ಬುಟ್ಟಿಯ ಅಳತೆ ಕೇಳುತ್ತಿದ್ದಾರೆ.

ಒಳ್ಳೆಯ ದಿನದ ಬೆಳಗ್ಗೆ ಹತ್ತಕ್ಕೆ ಯಾವ ಜೋಡಣೆಯೂ ನಡೆದೀತು. ಪೆರಿಮೆನೋಪಾಸ್ ಎಂದರೆ ಮುಟ್ಟು ಪೂರ್ತಿ ನಿಲ್ಲುವ ಮುಂಚಿನ, ದೇಹ ಏರುಪೇರಾಗುವ ವರ್ಷಗಳು; ಆಗ ಮನೆ ಜೋಡಿಸಬೇಕಾದ್ದು ದೇಹದ ಕೆಟ್ಟ ಗಂಟೆಗೆ ತಕ್ಕಂತೆ. ರಾತ್ರಿ ಮೂರಕ್ಕೆ ಬೆವತು ಎದ್ದಾಗ, ದೊಡ್ಡ ದೀಪ ಹಾಕದೆ, ಒಂದೇ ಕೈಗೆ ಬೇಕಾದ್ದು ಸಿಗುತ್ತದೆಯೇ? ಪ್ರತಿ ವಸ್ತುವಿಗೂ ಇದೊಂದೇ ಪರೀಕ್ಷೆ.

ಈ ಪರೀಕ್ಷೆಯಲ್ಲಿ ಮೊದಲು ಬಿದ್ದದ್ದು ಒಂದರ ಮೇಲೊಂದು ಕೂರುವ ಚಂದದ ಡಬ್ಬಿಗಳು. ಮೇಲಿನದನ್ನು ಇಳಿಸು, ಮುಚ್ಚಳ ತೆಗೆ, ವಸ್ತು ಹುಡುಕು, ಮುಚ್ಚು, ಮತ್ತೆ ಏರಿಸು. ತೆಗೆಯುವುದು ಹೇಗೋ ಆಗುತ್ತದೆ. ತಲೆ ಮಂಕಾದ ದಿನ ವಾಪಸ್ ಇಡುವುದು ಮಾತ್ರ ನಿಂತುಹೋಗುತ್ತದೆ, ಎಲ್ಲವೂ ಮೇಜಿನ ಮೇಲೆ ಗುಡ್ಡೆಯಾಗುತ್ತದೆ. ಇಡೀ ಕೆಲಸಕ್ಕೆ ಹಾಕಿದ ದುಡ್ಡಿನಲ್ಲಿ ಸುಮಾರು ಅರ್ಧ ಈ ಡಬ್ಬಿಗಳಿಗೇ ಹೋಯಿತು. ಅವುಗಳ ಪಾಲಿಗೆ ಈಗ ಉಳಿದದ್ದು ವರ್ಷಕ್ಕೊಮ್ಮೆ ಬೇಕಾಗುವ ಸಾಮಾನು ಮಾತ್ರ. ಕಣ್ಣಿಗೆ ಬೀಳದ್ದನ್ನು ಇಲ್ಲವೆಂದುಕೊಂಡು ಮತ್ತೆ ಕೊಳ್ಳುವ ಖರ್ಚು ಬೇರೆ. ಕತ್ತರಿ, ಪೆನ್ನು, ಓದುವ ಕನ್ನಡಕ ಮೂರು ಜಾಗದಲ್ಲಿ ಮೂರು ಇರಲಿ, ಆದರೆ ಬೇಕೆಂದೇ ಇಟ್ಟವಾಗಿರಲಿ.

ಹೆಚ್ಚು ಫಲ ಕೊಟ್ಟದ್ದು ಹಾಸಿಗೆ. ಮೈಯ ಆಕಾರಕ್ಕೆ ತಗ್ಗುವ ಮೆಮೊರಿ ಫೋಮ್ ಹಾಸಿಗೆ ಶಾಖ ಹಿಡಿದಿಡುತ್ತದೆ, ಅದು ಒದ್ದೆಯಾಗದಿರಲೆಂದು ಮೇಲೆ ದಪ್ಪ ಪ್ಲಾಸ್ಟಿಕ್ ಪದರದ ರಕ್ಷಕ (ಪ್ರೊಟೆಕ್ಟರ್) ಹಾಕಿದರೆ ಮುಗಿದೇ ಹೋಯಿತು. ತೆಳು ರಕ್ಷಕ, ಅದರ ಮೇಲೆ ಹತ್ತಿ ಹಾಸು. ಅದರ ಮೇಲೆ ಮತ್ತೊಂದು ರಕ್ಷಕ, ಮತ್ತೊಂದು ಹಾಸು. ಬೆವರಿನಿಂದಲೋ ಮುಟ್ಟಿನಿಂದಲೋ ಒದ್ದೆಯಾದರೆ ಮೇಲಿನ ಜೋಡಿ ಎಳೆದು ಕೆಳಗೆ ಹಾಕಿದರೆ ಸಾಕು, ಎರಡು ನಿಮಿಷದ ಕೆಲಸ. ಇಬ್ಬರು ಮಲಗುವ ಮಂಚವಾದರೆ ಹೊದಿಕೆ ಎರಡು ಬೇರೆ ಬೇರೆ, ಇದರಲ್ಲಿ ರಾಜಿ ಬೇಡ.

ಹಾಟ್ ಫ್ಲಾಶ್, ಅಂದರೆ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು, ಸಾಮಾನ್ಯವಾಗಿ ಕೆಲವೇ ನಿಮಿಷದ್ದು. ಕಾಡುವುದು ಆಮೇಲಿನ ಚಳಿ, ಬೆವರು ಆರುತ್ತಾ ಮೈ ತಣ್ಣಗಾಗುತ್ತದೆ. ಹಾಗಾಗಿ ಕೈಗೆಟುಕುವ ಒಣ ಬಟ್ಟೆಗೆ ಫ್ಯಾನಿಗಿಂತ ಬೆಲೆ ಹೆಚ್ಚು. ಮಂಚದ ಪಕ್ಕದ ಬುಟ್ಟಿಯಲ್ಲಿ ಒಂದು ಜೊತೆ ಹತ್ತಿ ಬಟ್ಟೆ, ಸಣ್ಣ ಟವೆಲ್, ಎರಡು ಪ್ಯಾಡ್, ನೀರಿನ ಬಾಟಲಿ. ಅಷ್ಟೇ, ಐದನೆಯ ವಸ್ತು ಸೇರಿದರೆ ತಡಕಾಟ ಶುರು. ಜೆಲ್ ದಿಂಬನ್ನೂ ನೋಡಿದ್ದಾಯಿತು: ಅರ್ಧ ಗಂಟೆ ತಂಪು, ಆಮೇಲೆ ಮಾಮೂಲಿ ದಿಂಬು. ಫ್ಯಾನಿನ ಮುಂದೆ ಒದ್ದೆ ಟವೆಲ್ ಒಣ ಹವೆಯಲ್ಲಿ ಸರಿ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ನೀರು ಆರುವುದಿಲ್ಲ, ಕೋಣೆ ಇನ್ನಷ್ಟು ಜಿಗುಟಾಗುತ್ತದೆ.

ಬಾತ್‌ರೂಮಿನ ದಾರಿಗೆ ಚಲನೆ ಕಂಡು ಹತ್ತುವ ದೀಪಗಳು ಪಾದದ ಎತ್ತರದಲ್ಲಿ, 2700 ಕೆಲ್ವಿನ್‌ನ ಹಳದಿ ಬೆಳಕಿನವು. ಹಾಸಿಗೆಯಲ್ಲಿ ಮಗ್ಗಲು ಬದಲಿಸಿದರೂ ಹತ್ತಿಕೊಳ್ಳುತ್ತವೆ ಎಂಬ ದೂರು ಎಲ್ಲರದ್ದೂ. ಸೆನ್ಸರ್‌ನ ಮೇಲರ್ಧಕ್ಕೆ ಕಪ್ಪು ಟೇಪ್ ಅಂಟಿಸಿದರೆ ಅದಕ್ಕೆ ನೆಲ ಮಾತ್ರ ಕಾಣುತ್ತದೆ.

ಕಪಾಟಿನ ಎತ್ತರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಭುಜ ಹೆಪ್ಪುಗಟ್ಟಿದಂತೆ ಬಿಗಿಯುವ ತೊಂದರೆ 40ರಿಂದ 60ರ ನಡುವಿನ ಹೆಂಗಸರಲ್ಲೇ ಹೆಚ್ಚು. ಮೂಳೆಯ ಸಾಂದ್ರತೆ ವೇಗವಾಗಿ ಇಳಿಯುವುದೂ ಕೊನೆಯ ಮುಟ್ಟಿನ ಆಸುಪಾಸಿನ ವರ್ಷಗಳಲ್ಲಿ. ಸ್ಟೂಲ್ ಹತ್ತಿ ಭಾರ ಇಳಿಸುವ ಜಾಣತನ ಬೇಡ. ಭಾರದ್ದೆಲ್ಲ ಸೊಂಟದಿಂದ ಎದೆಯ ನಡುವೆ; ಭುಜದ ಎತ್ತರಕ್ಕಿಂತ ಮೇಲೆ ಇಡುವುದು ಎರಡು ಕಿಲೋ ದಾಟಬಾರದು. ಜಾರುವ ಕಾಲೊರಸು ಹೊರಗೆ.

ರಕ್ತದ ಕಲೆಗೆ ಬಾತ್‌ರೂಮಿನಲ್ಲೇ ತಣ್ಣೀರಿನ ಬಕೆಟ್. ಬಿಸಿನೀರಿಗೆ ಪ್ರೋಟೀನ್ ಗಟ್ಟಿಯಾಗಿ ಕಲೆ ಕೂತುಬಿಡುತ್ತದೆ. ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಮುಟ್ಟಿನ ತಾರೀಖು, ಪ್ಯಾಡಿನ ಲೆಕ್ಕ. ಗಂಟೆಗೊಂದರಂತೆ ಎರಡು ಗಂಟೆ ಪ್ಯಾಡ್ ಪೂರ್ತಿ ನೆನೆದರೆ, ಅಥವಾ 12 ತಿಂಗಳು ನಿಂತಿದ್ದು ಮತ್ತೆ ರಕ್ತ ಕಂಡರೆ ವೈದ್ಯರ ಬಳಿ ಹೋಗಲೇಬೇಕು, ಅದಕ್ಕೆ ಯಾವ ಬುಟ್ಟಿಯೂ ಉತ್ತರವಲ್ಲ. ಕಬ್ಬಿಣಾಂಶದ ಮಾತ್ರೆ ಒಂದು ಕೋಣೆಯಲ್ಲಿ, ಕ್ಯಾಲ್ಸಿಯಂ ಇನ್ನೊಂದರಲ್ಲಿ. ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಜಾಗ ಬೇರೆಯಾದರೆ ಹೊತ್ತೂ ಬೇರೆಯಾಗುತ್ತದೆ. ಬಾತ್‌ರೂಮಿನ ತೇವದಲ್ಲಿ ಯಾವ ಮಾತ್ರೆಯೂ ಬೇಡ.

ಬೇಡದ್ದನ್ನು ಹೊರಹಾಕುವ ಕೆಲಸ ನಿದ್ದೆಗೆಟ್ಟ ಮರುದಿನ ಮಾಡಬಾರದು. ಅಂದು ಒಂದೋ ಎಲ್ಲವೂ ಕಸವೆನಿಸುತ್ತದೆ, ಇಲ್ಲವೇ ಹಳೆಯ ರಸೀದಿಯೂ ಕಣ್ಣೀರು ತರಿಸುತ್ತದೆ. ಒಂದು ಸಲಕ್ಕೆ ಒಂದು ಡ್ರಾಯರ್, 20 ನಿಮಿಷದ ಟೈಮರ್. ತೀರ್ಮಾನವಾಗದ್ದು ತಾರೀಖು ಬರೆದ ಚೀಲಕ್ಕೆ. ಆರು ತಿಂಗಳು ಯಾರೂ ಕೇಳದಿದ್ದರೆ ಬಿಚ್ಚಿ ನೋಡದೆ ದಾನ. ಕಾಗದಪತ್ರ, ಫೋಟೊಗಳಿಗೆ ಈ ನಿಯಮವಿಲ್ಲ.

ತೆಗೆದದ್ದನ್ನು ಮನೆಯವರು ವಾಪಸ್ ಬುಟ್ಟಿಗೇ ಹಾಕುವಂತೆ ಮಾಡಿದ್ದು ಹೇಗೆಂದು ಮಾತ್ರ ಬರೆಯುವುದಿಲ್ಲ, ಅದು ನನ್ನ ಬಂಡವಾಳ. ಬುಟ್ಟಿಯ ಅಳತೆ ಕೇಳಿದವರಿಗೆ: ಉದ್ದ ಸುಮಾರು 30 ಸೆಂ.ಮೀ., ಅಗಲ 20, ಆಳ 15 ದಾಟದಂತೆ. ಅದಕ್ಕಿಂತ ಆಳವಾದರೆ ತಳದಲ್ಲಿರುವುದು ಕಾಣುವುದಿಲ್ಲ.